ನನ್ನದಲ್ಲದ ದಂಡ ರದ್ದಾಯ್ತು

ನನ್ನ ಸ್ಕೂಟರ್ ರಾಯಚೂರು ಬಿಟ್ಟು ಹೋಗಿಲ್ಲ. ಆದರೂ ಬೆಂಗಳೂರಿನಲ್ಲಿ ಹೆಲ್ಮೆಟ್ ಹಾಕಿಲ್ಲ ಅಂತ 500 ರೂಪಾಯಿ ಚಲನ್ ಬಂತು. ಸುಮ್ನೆ ಕಟ್ಟಿಬಿಡೋಣ ಅನಿಸಿತ್ತು. ಅದಕ್ಕೂ ಮೊದಲು ಚಲನ್‌ನಲ್ಲಿದ್ದ ಫೋಟೊ ದೊಡ್ಡದು ಮಾಡಿ ನೋಡಿದೆ. ಅದು ಕಪ್ಪು ಬೈಕು! ನಂಬರ್ ಕೆಎ 36ರದ್ದೇ, ಆದರೆ ಕೊನೆಯ ಅಂಕಿ 8. ನನ್ನದು 3. ಕೆಸರು ಮೆತ್ತಿದ್ದ ಪ್ಲೇಟು, ಯಾರೋ ತಪ್ಪಾಗಿ ಓದಿದ್ದಾರೆ.

ಪರಿವಾಹನ್ ಇ-ಚಲನ್ ತಾಣದಲ್ಲಿ ದೂರು ಕೊಡುವ ಜಾಗ ಇದೆ. ಚಲನ್ ನಂಬರ್ ಹಾಕಿ, ಆರ್‌ಸಿ ಮತ್ತು ಸ್ಕೂಟರಿನ ಫೋಟೊ ಸೇರಿಸಿದೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಅದು ಬೇಕೇ ಬೇಕು. ಕೆಲವು ದಿನಗಳಲ್ಲಿ ಚಲನ್ ರದ್ದಾಯ್ತು.

ಇನ್ನೊಂದು ಹಳೆಯ ಪಾರ್ಕಿಂಗ್ ದಂಡ ಮಾತ್ರ ನನ್ನದೇ ತಪ್ಪು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಿತ್ತಲ್ವಾ, ಆಗ ಕಟ್ಟಿ ರಸೀದಿ ಇಟ್ಟುಕೊಂಡೆ.