ಹಿಂಬರಹ ಕೈಗೆ ಬರುವ ತನಕ

ವೃದ್ಧಾಪ್ಯ ವೇತನ, ವಿಧವಾ ವೇತನದಂಥ ಸರ್ಕಾರಿ ಪೆನ್ಶನ್ ಬಂದಿಲ್ಲ ಎಂದು ಅರ್ಜಿ ಬರೆಸಲು ಬರುವವರ ಹತ್ತಿರ ನಾನು ಅರ್ಜಿಯ ಪ್ರತಿ ಕೇಳುವುದಿಲ್ಲ, ಮೊದಲು ಪಾಸ್‌ಬುಕ್ ಕೇಳುತ್ತೇನೆ. ಹಣ ಒಮ್ಮೆಯೂ ಬಂದಿಲ್ಲವೋ, ಬರುತ್ತಿದ್ದದ್ದು ನಿಂತಿತೋ ಎಂಬುದು ಅದರಲ್ಲೇ ಗೊತ್ತಾಗುತ್ತದೆ. ಎರಡರ ದಾರಿಯೂ ಬೇರೆ. ಒಮ್ಮೆಯೂ ಬಂದಿಲ್ಲ ಎಂದರೆ ಮಂಜೂರಾತಿ ಆದೇಶ ಆಗಿದೆಯೇ ನೋಡಬೇಕು. ನಿಂತಿದ್ದರೆ ಕೊನೆಯ ಜಮಾ ಆದ ತಿಂಗಳು ಯಾವುದು, ಆ ತಿಂಗಳ ಆಸುಪಾಸಿನಲ್ಲಿ ಆಧಾರ್, ಬ್ಯಾಂಕ್, ರೇಷನ್ ಕಾರ್ಡ್ ಇವುಗಳಲ್ಲಿ ಏನು ಬದಲಾಯಿತು ಎಂದು ಕೇಳಬೇಕು. ಇಷ್ಟು ತಿಳಿಯುವ ಮೊದಲು ಹೊಸ ಅರ್ಜಿ ಹಾಕಲೇಬಾರದು. ಹೊಸ ಅರ್ಜಿ ಹಾಕಿದರೆ ಹಳೆಯ ತೊಡಕು ಬಿಡಿಸಿಕೊಳ್ಳುವುದಿಲ್ಲ, ಒಂದೇ ಆಧಾರ್ ಸಂಖ್ಯೆಗೆ ಎರಡು ಅರ್ಜಿಯಾಗಿ ಗೋಜಲು ಹೆಚ್ಚುತ್ತದೆ.

ನಮ್ಮ ಕರಾವಳಿಯಲ್ಲಿ ಅರ್ಜಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಪಹಣಿಯಲ್ಲಿ ‘ಮಾದೇವಿ ಕೋಂ ಬೀರ ಗೌಡ’ ಎಂದಿರುತ್ತದೆ, ಕೋಂ ಎಂದರೆ ಹೆಂಡತಿ. ರೇಷನ್ ಕಾರ್ಡಿನಲ್ಲಿ ‘ಮಾದೇವಿ ಬೀರಾ ಗೌಡ’. ಆಧಾರಿನಲ್ಲಿ ‘ಮಹಾದೇವಿ ಗೌಡ’. ಬ್ಯಾಂಕಿನವರು ಗಂಡನ ಹೆಸರನ್ನು ಒಂದು ಅಕ್ಷರಕ್ಕೆ ಇಳಿಸಿ ‘ಮಹಾದೇವಿ ಬಿ. ಗೌಡ’ ಎಂದು ಹಾಕಿಕೊಂಡಿರುತ್ತಾರೆ. ಗಂಡನ ಮರಣ ಪತ್ರದಲ್ಲಿ ಆತ ‘ಬೀರಪ್ಪ’. ಓದಿದ ಮನುಷ್ಯನಿಗೆ ಇವರೆಲ್ಲ ಒಬ್ಬರೇ ಎಂದು ಕೂಡಲೇ ತಿಳಿಯುತ್ತದೆ, ಕಂಪ್ಯೂಟರಿಗೆ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗಂತೂ ಗೌಡ ಎಂಬುದನ್ನು ಒಂದು ಕಡೆ ‘ಡಬ್ಲ್ಯೂ’ ಹಾಕಿ, ಇನ್ನೊಂದು ಕಡೆ ‘ಯು’ ಹಾಕಿ ಬರೆದಿರುತ್ತಾರೆ. ನಾಯ್ಕ, ನಾಯಕಗಳ ಕತೆಯೂ ಇದೇ.

ಇದಕ್ಕೆ ನಾನು ಒಂದು ಗೆರೆ ಹಾಳೆ ಇಟ್ಟುಕೊಳ್ಳುತ್ತೇನೆ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮರಣ ಪತ್ರ ಅಥವಾ ಶಾಲೆಯ ದಾಖಲೆ, ಆದಾಯ ಪ್ರಮಾಣಪತ್ರ ಎಲ್ಲದರಲ್ಲಿರುವ ಹೆಸರನ್ನು ಅಕ್ಷರಕ್ಕೆ ಅಕ್ಷರ ಒಂದರ ಕೆಳಗೆ ಒಂದು ಬರೆಯುವುದು. ಪಕ್ಕದಲ್ಲಿ ಹುಟ್ಟಿದ ದಿನಾಂಕ. ಕನ್ನಡದ್ದು ಒಂದು ಹಾಳೆ, ಇಂಗ್ಲಿಷಿನದ್ದು ಇನ್ನೊಂದು. ವ್ಯತ್ಯಾಸ ಕಂಡಲ್ಲಿ ಪೆನ್ಸಿಲ್ಲಿನಿಂದ ಸುತ್ತು ಹಾಕುತ್ತೇನೆ. ಬಳಿಕ ಯಾವುದನ್ನು ತಿದ್ದಿಸುವುದು ಸುಲಭವೋ ಅದನ್ನು ಆಧಾರಿಗೆ ಹೊಂದಿಸುವುದು. ಸಾಮಾನ್ಯವಾಗಿ ಬ್ಯಾಂಕಿನ ಹೆಸರು ಒಂದೆರಡು ಭೇಟಿಯಲ್ಲಿ ಸರಿಯಾಗುತ್ತದೆ, ಮರಣ ಪತ್ರದ್ದು ನಿಧಾನ. ಆಧಾರನ್ನೇ ತಿದ್ದಲು ಹೊರಟರೆ ಉಳಿದ ನಾಲ್ಕೂ ದಾಖಲೆ ಅಲುಗಾಡುತ್ತವೆ. ಅದನ್ನು ಮುಟ್ಟುವುದು ತೀರಾ ತಪ್ಪಿದ್ದರೆ ಮಾತ್ರ.

ವಯಸ್ಸಿನ ವಿಷಯಕ್ಕೆ ಬಂದರೆ, ಹಳೆಯ ಆಧಾರ್ ಕಾರ್ಡುಗಳಲ್ಲಿ ಬರೀ ಇಸವಿ ಇರುವುದುಂಟು. 60 ದಾಟಿದವರಿಗೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನ, 65 ದಾಟಿದವರಿಗೆ ಸಂಧ್ಯಾ ಸುರಕ್ಷಾ. ಈ ಗಡಿಯ ಹತ್ತಿರ ಇರುವವರು ಕನ್ನಡ ಶಾಲೆಯ ದಾಖಲಾತಿ ಪುಸ್ತಕದ ನಕಲು ತರುವುದೇ ಒಳ್ಳೆಯದು. ಎರಡು ಮಾಸಾಶನ ಒಬ್ಬರಿಗೆ ಇಲ್ಲ, ಹಾಗಾಗಿ ವಿಧವಾ ವೇತನ ಪಡೆಯುತ್ತಿರುವವರು ಅದನ್ನು ಮುಚ್ಚಿಟ್ಟು ಇನ್ನೊಂದಕ್ಕೆ ಅರ್ಜಿ ಹಾಕಬಾರದು.

ಆದಾಯದ ಮಿತಿ ವರ್ಷಕ್ಕೆ 32,000 ರೂಪಾಯಿ. ಇಲ್ಲಿ ಬಹಳ ಜನ ಗಮನಿಸದ ಒಂದು ಸೂಕ್ಷ್ಮ ಇದೆ. ತಾಯಿಯ ಮಾಸಾಶನಕ್ಕೆ ಒಂದು ಆದಾಯ ಪ್ರಮಾಣಪತ್ರ, ಮೊಮ್ಮಗಳ ವಿದ್ಯಾರ್ಥಿವೇತನಕ್ಕೆ ಮಗ ತೆಗೆಸಿದ್ದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲಿರುವ ಕ್ರಮಸಂಖ್ಯೆ), ಬೇರೆ ಬೇರೆ ಮೊತ್ತ, ಆದರೆ ರೇಷನ್ ಕಾರ್ಡ್ ಒಂದೇ. ಗ್ರಾಮ ಆಡಳಿತಾಧಿಕಾರಿಯ ಪರಿಶೀಲನೆ ವೇಳೆ ಎರಡನೆಯದು ಕಂಡರೆ ವರದಿ ವಿರುದ್ಧ ಹೋಗುತ್ತದೆ. ಮನೆಯಲ್ಲಿ ಯಾರ ಹೆಸರಿನಲ್ಲಿ ಯಾವ ಪ್ರಮಾಣಪತ್ರ ಚಾಲ್ತಿಯಲ್ಲಿದೆ ಎಂದು ಮೊದಲೇ ಕೇಳಿ, ಮಗನ ಸಂಸಾರ ಬೇರೆಯಾಗಿದ್ದರೆ ರೇಷನ್ ಕಾರ್ಡನ್ನು ಬೇರೆ ಮಾಡಿಸಿಕೊಂಡ ಮೇಲೆಯೇ ಅರ್ಜಿ ಕೊಡಿ ಎನ್ನುತ್ತೇನೆ.

ಇನ್ನು ಮಂಜೂರಾಗಿಯೂ ಹಣ ಕಾಣದ ಪ್ರಕರಣಗಳು. ಆಧಾರ್ ಮೂಲಕ ಬರುವ ಹಣ ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಕೊನೆಯದಾಗಿ ಯಾವ ಬ್ಯಾಂಕ್ ಆ ಆಧಾರಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಸಂಘದ ಸಾಲಕ್ಕೋ, ಗೃಹಲಕ್ಷ್ಮಿಗೋ ಎಂದು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದಾಗ ಅರ್ಜಿಯ ಮೂಲೆಯಲ್ಲಿದ್ದ ಒಪ್ಪಿಗೆ ಚೌಕಕ್ಕೆ ಗುರುತು ಬಿದ್ದಿರುತ್ತದೆ. ಅಂದಿನಿಂದ ಮಾಸಾಶನ ಆ ಖಾತೆಯಲ್ಲಿ ಸುಮ್ಮನೆ ಕೂಡುತ್ತಿರುತ್ತದೆ. ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ನಾಡಕಚೇರಿಗೆ ತಿರುಗುತ್ತಿರುತ್ತಾಳೆ. ಮೈ ಆಧಾರ್ ತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿದರೆ ಬ್ಯಾಂಕಿನ ಹೆಸರು ತಿಳಿಯುತ್ತದೆ. ಅದಕ್ಕೆ ಆಧಾರಿಗೆ ಮೊಬೈಲ್ ಜೋಡಣೆ ಇರಬೇಕು, ಒಟಿಪಿ ಬರುವ ಆ ಫೋನು ಮಗನ ಜತೆ ಗೋವೆಯಲ್ಲಿ ಇರಬಾರದು. ಆ ದಿನ ಫೋನನ್ನೂ ತನ್ನಿ ಎಂದು ಮೊದಲೇ ಹೇಳಿ ಕಳಿಸುವುದು ಒಳ್ಳೆಯದು.

ಬ್ಯಾಂಕ್ ವಿಲೀನವೂ ನಮ್ಮ ಜಿಲ್ಲೆಗೆ ದೊಡ್ಡ ಪೆಟ್ಟು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬರೋಡಾ ಬ್ಯಾಂಕಿಗೆ ಸೇರಿತು. ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ ಸೇರಿದ್ದು 2020ರ ಏಪ್ರಿಲ್ 1ರಂದು. 2025ರ ಮೇ 1ರಿಂದ ವಿಕಾಸ ಗ್ರಾಮೀಣ ಬ್ಯಾಂಕೂ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಆಧಾರ್ ಮೂಲಕ ಅಲ್ಲದೆ ನೇರ ಖಾತೆಗೇ ಹಣ ಬರುವ ಪಿಎಫ್‌ನಂಥ ಅರ್ಜಿಯಲ್ಲಿ ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ (ಶಾಖೆಯ ಸಂಕೇತ) ನೋಡಿ ಬರೆದರೆ ಹಣ ವಾಪಸ್ಸು ಹೋಗುತ್ತದೆ. ಹೊಸ ಪಾಸ್‌ಬುಕ್ಕಿನ ಮೊದಲ ಪುಟ ಇಲ್ಲದೆ ನಾನು ಯಾವ ಅರ್ಜಿಯನ್ನೂ ತುಂಬುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಸಮುದ್ರಕ್ಕೆ ಹೋಗಿ ಬಾರದವರ ಮನೆಯವರ ಅರ್ಜಿ. ದೇಹ ಸಿಗದಿದ್ದರೆ ಮರಣ ಪತ್ರ ಇಲ್ಲ, ಮರಣ ಪತ್ರ ಇಲ್ಲದೆ ವಿಧವಾ ವೇತನ ಇಲ್ಲ. ಕಾಣೆಯಾದವರನ್ನು ತೀರಿಕೊಂಡರು ಎಂದು ಕಾನೂನು ಭಾವಿಸುವುದು 7 ವರ್ಷ ಸುದ್ದಿಯಿಲ್ಲದಿದ್ದರೆ ಮಾತ್ರ. ಆ 7 ವರ್ಷ ಎಂದಿನಿಂದ ಎಂದು ತೋರಿಸುವ ಕಾಗದ ಪೊಲೀಸ್ ದೂರು. ಹಾಗಾಗಿ ಕರಾವಳಿ ಕಾವಲು ಪೊಲೀಸ್ ಠಾಣೆಯಲ್ಲಿ ಅದೇ ದಿನ ದೂರು ದಾಖಲಾಗಬೇಕು. ಅದರಲ್ಲಿ ಬೋಟಿನ ನೋಂದಣಿ ಸಂಖ್ಯೆ, ಹೊರಟ ಬಂದರು, ಹೊರಟ ಹೊತ್ತು, ಜತೆಗಿದ್ದ ಕಲಾಸಿಗಳೆಲ್ಲರ (ಬೋಟಿನ ಕೆಲಸಗಾರರ) ಹೆಸರು ಇರಬೇಕು. ದುಃಖದ ಮನೆಯಲ್ಲಿ ಕಾಗದದ ಮಾತು ಎತ್ತುವುದು ಕಷ್ಟ, ಆದರೂ ಹೇಳಲೇಬೇಕು. ದೇಹ ಸಿಕ್ಕಿದ್ದರೂ ಮರಣ ನೋಂದಣಿಗೆ 21 ದಿನ ಮೀರಿಸಬೇಡಿ. ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕಾಗುತ್ತದೆ.

ಅರ್ಜಿ ಕೊಟ್ಟ ಮೇಲೆ ಸಿಗುವ ಸ್ವೀಕೃತಿಯಲ್ಲಿ ಸಕಾಲದ 15 ಅಂಕಿಗಳ ಸಂಖ್ಯೆ ಮತ್ತು ಗಡುವಿನ ದಿನಾಂಕ ಇರುತ್ತದೆ. ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಎನ್ನುವ ಈ ಸಕಾಲ ಕಾಯ್ದೆ 2011ರದ್ದು, 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ನಡೆಯುತ್ತಿದೆ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು, ಆದರೆ ಗಡುವು ಮೀರಿದರೆ ಮೇಲ್ಮನವಿ ಹಾಕುವ ಹಕ್ಕು ಹುಟ್ಟುತ್ತದೆ, ಅದರ ಬೆಲೆ ದೊಡ್ಡದು. ಕೌಂಟರಿನಲ್ಲಿ ‘ಬರ್ತದೆ ಅಮ್ಮಾ, ಮುಂದಿನ ತಿಂಗಳು ನೋಡಿ’ ಎಂದರೆ ಅದು ತೀರ್ಮಾನ ಅಲ್ಲ. ‘ನಿಮ್ಮದು ಆಗೋದಿಲ್ಲ’ ಎಂದರೂ ಅಲ್ಲ. ಬಾಯಿಮಾತಿನ ಮೇಲೆ ಮೇಲ್ಮನವಿ ನಿಲ್ಲುವುದಿಲ್ಲ. ತಿರಸ್ಕಾರವಾದರೆ ಕಾರಣ ಬರೆದು ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೊಡಿ ಎಂದು ಕೇಳಬೇಕು. ಬಾಯಲ್ಲಿ ಕೇಳಿದರೆ ಸಾಲದು. ಎರಡು ಸಾಲಿನ ಮನವಿ ಬರೆದು, ಎರಡು ಪ್ರತಿ ಮಾಡಿ, ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದಕ್ಕೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಬೇಕು. ‘ದಾಖಲೆ ಸರಿಯಿಲ್ಲ’ ಎಂದಷ್ಟೇ ಬರೆದ ಹಿಂಬರಹ ಬಂದರೆ, ಯಾವ ದಾಖಲೆ, ಅದರಲ್ಲಿ ಏನು ಸರಿಯಿಲ್ಲ ಎಂದು ಮತ್ತೆ ಬರವಣಿಗೆಯಲ್ಲೇ ಕೇಳುವುದು.

ಅದಕ್ಕೂ ಉತ್ತರ ಇಲ್ಲದಿದ್ದರೆ ಮಾಹಿತಿ ಹಕ್ಕು. 10 ರೂಪಾಯಿಯ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ಕರ್ನಾಟಕದ ನಿಯಮ ಹಾಗಿದೆ. ‘ನನಗೆ ಏಕೆ ಪೆನ್ಶನ್ ಕೊಟ್ಟಿಲ್ಲ’ ಎಂದು ಕೇಳಿದರೆ ಅದು ಮಾಹಿತಿ ಅಲ್ಲ ಎಂದು ಉತ್ತರ ಬರುತ್ತದೆ. ‘ಇಂಥ ಸಂಖ್ಯೆಯ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳು, ಗ್ರಾಮ ಆಡಳಿತಾಧಿಕಾರಿ ಮತ್ತು ಕಂದಾಯ ನಿರೀಕ್ಷಕರ ವರದಿಗಳ ದೃಢೀಕೃತ ಪ್ರತಿ’ ಎಂದು ಕೇಳಿದರೆ ಕಡತ ಯಾರ ಮೇಜಿನ ಮೇಲೆ, ಯಾವ ಷರಾ ಬಿದ್ದು, ಎಂದಿನಿಂದ ನಿಂತಿದೆ ಎಂಬುದು 30 ದಿನದೊಳಗೆ ಕೈಗೆ ಬರಬೇಕು.

ಕೆಲಸ ಕಳೆದುಕೊಂಡವರ ಅರ್ಜಿಗಳ ಸ್ವಭಾವ ಬೇರೆ. ಅಲ್ಲಿ ಮೊದಲು ನೋಡುವುದು ಒಂದೇ ಒಂದು ಪದವನ್ನು. ಕೆಲಸದಿಂದ ತೆಗೆದದ್ದೋ, ರಾಜೀನಾಮೆಯೋ? ಯಂತ್ರ ನಿಂತಿದೆ, ಆರ್ಡರ್ ಇಲ್ಲ, ಲೆಕ್ಕ ಬೇಗ ಆಗಲಿ ಎಂದರೆ ಇಲ್ಲಿ ಸಹಿ ಮಾಡಿ ಎಂದು ರಾಜೀನಾಮೆ ಪತ್ರ ಬರೆಸಿಕೊಂಡರೆ, ಮಾಲೀಕರೇ ಕೆಲಸದಿಂದ ತೆಗೆದದ್ದಕ್ಕೆ ಸಿಗಬೇಕಾದ ಛಾಂಟಿ ಪರಿಹಾರ ಹೋಯಿತು. ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ಕಡಿತ ಇದ್ದವರಿಗೆ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯಲ್ಲಿ ಮೊದಲ 12 ತಿಂಗಳು ವೇತನದ ಶೇ. 50, ಮುಂದಿನ 12 ತಿಂಗಳು ಶೇ. 25 ಸಿಗುವ ನಿರುದ್ಯೋಗ ಭತ್ಯೆಯೂ ಹೋಯಿತು. ಅದು ಇರುವುದು ಕಾರ್ಖಾನೆ ಮುಚ್ಚಿ ಕೆಲಸ ಹೋದವರಿಗೆ, ಛಾಂಟಿಯಾದವರಿಗೆ, ಕಾಯಂ ಅಂಗವೈಕಲ್ಯದಿಂದ ದುಡಿಯಲಾರದವರಿಗೆ. ಸಹಿ ಮಾಡುವ ಮೊದಲು ಬಂದವರಿಗೆ ನಾನು ಹೇಳುವುದು ಇಷ್ಟು: ರಾಜೀನಾಮೆ ಬರೆಯಬೇಡಿ, ಹಣ ಕೊಟ್ಟರೆ ತೆಗೆದುಕೊಳ್ಳಿ, ಸಹಿಯ ಪಕ್ಕ ‘ಆಕ್ಷೇಪಣೆಗೆ ಒಳಪಟ್ಟು ಪಡೆದಿದ್ದೇನೆ’ ಎಂದು ಬರೆಯಿರಿ, ಹಾಳೆಯ ಫೋಟೋ ತೆಗೆದುಕೊಳ್ಳಿ.

ಲೆಕ್ಕದಲ್ಲಿ ಆಗುವ ಮೋಸ ಹೆಚ್ಚಾಗಿ ಎರಡು ಬಾಬತ್ತುಗಳನ್ನು ಒಂದು ಮಾಡುವುದರಿಂದ. ದುಡಿದ ವರ್ಷಗಳ ಲೆಕ್ಕದಲ್ಲಿ ಸಿಗುವ ಇಡುಗಂಟಾದ ಗ್ರಾಚ್ಯುಟಿ ಬೇರೆ, ಛಾಂಟಿ ಪರಿಹಾರ ಬೇರೆ, ಎರಡೂ ಸಿಗಬೇಕು. 11 ವರ್ಷ 7 ತಿಂಗಳು ದುಡಿದವರನ್ನು ತೆಗೆದುಕೊಳ್ಳಿ. ಆರು ತಿಂಗಳು ಮೀರಿದ್ದರಿಂದ ಎರಡಕ್ಕೂ 12 ವರ್ಷ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ಇದ್ದರೆ ಗ್ರಾಚ್ಯುಟಿಗೆ ಅದನ್ನು 26ರಿಂದ ಭಾಗಿಸಬೇಕು. ದಿನಕ್ಕೆ 500, 15 ದಿನಕ್ಕೆ 7,500, 12 ವರ್ಷಕ್ಕೆ 90,000. ಛಾಂಟಿ ಪರಿಹಾರಕ್ಕೆ ಹಿಂದಿನ ಮೂರು ಪೂರ್ತಿ ತಿಂಗಳ ಸರಾಸರಿ ವೇತನ ಹಿಡಿಯಬೇಕು, ಅದರಲ್ಲಿ ಇತರ ಭತ್ಯೆಗಳೂ ಸೇರುತ್ತವೆ. ಅದು 15,600 ಎಂದಿಟ್ಟುಕೊಂಡರೆ ಇಲ್ಲಿ ಭಾಗಿಸುವುದು 30ರಿಂದ. 15 ದಿನಕ್ಕೆ 7,800, 12 ವರ್ಷಕ್ಕೆ 93,600. ಒಂದು ತಿಂಗಳ ನೋಟಿಸ್ ಕೊಡದಿದ್ದರೆ ಇನ್ನೂ 15,600. ಮಾಲೀಕರ ಕಡೆಯ ಲೆಕ್ಕದ ಹಾಳೆಯಲ್ಲಿ ಒಂದೇ ಮೊತ್ತ ‘ಗ್ರಾಚ್ಯುಟಿ ಮತ್ತು ಪರಿಹಾರ’ ಎಂದು ಕಂಡರೆ ಅಲ್ಲೇ ನಿಲ್ಲಿಸಿ ಕೇಳಬೇಕು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವರ್ಷಕ್ಕೆ 15 ದಿನ ಎಂಬುದು ಹಾಗೇ ಉಳಿದಿದೆ, ವೇತನ ಎಂದರೆ ಏನು ಎಂಬ ವ್ಯಾಖ್ಯೆ ಬದಲಾಗಿದೆ. ಕೆಲಸ ಹೋದ ದಿನಾಂಕ ಆ ದಿನದ ಈಚೆಯದೋ ಆಚೆಯದೋ ಎಂಬುದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. ತೆಗೆದುಹಾಕಿದ್ದನ್ನು ಪ್ರಶ್ನಿಸಲು ಹಳೆಯ ಕಾಯ್ದೆಯಲ್ಲಿ 3 ವರ್ಷ ಇದ್ದ ಗಡುವು ಈಗ 2 ವರ್ಷ.

ಗೇರುಬೀಜ ಕಾರ್ಖಾನೆಗಳಲ್ಲಿ ಕೆ.ಜಿ. ಲೆಕ್ಕದ ಮೇಲೆ ದುಡಿದ ಹೆಂಗಸರಿಗೆ ‘ನಿಮಗೆ ಸಂಬಳವೇ ಇಲ್ಲ, ಗ್ರಾಚ್ಯುಟಿ ಎಲ್ಲಿಂದ’ ಎಂದು ಹೇಳಿ ಕಳಿಸುವುದುಂಟು. ಇದು ತಪ್ಪು. ತೂಕದ ಲೆಕ್ಕದವರಿಗೂ ಗ್ರಾಚ್ಯುಟಿ ಇದೆ, ಕೊನೆಯ ಮೂರು ತಿಂಗಳ ಗಳಿಕೆಯ ಸರಾಸರಿಯಿಂದ ದಿನಗೂಲಿ ತೆಗೆಯಬೇಕು, ಓವರ್‌ಟೈಮ್ ಬಿಟ್ಟು. ಹಂಗಾಮಿಗೆ ಮಾತ್ರ ನಡೆಯುವ ಘಟಕವಾದರೆ ಒಂದು ಹಂಗಾಮಿಗೆ 7 ದಿನದ ಕೂಲಿ. ಆ ಕೂಲಿ ಚೀಟಿಗಳನ್ನು ಎಸೆಯಬೇಡಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಮಳೆಗಾಲದಲ್ಲಿ ಬೂಸಲು ಹಿಡಿದು ಅಕ್ಷರ ಅಳಿಸಿ ಹೋಗುತ್ತದೆ, ಪ್ಲಾಸ್ಟಿಕ್ ಕೊಟ್ಟೆಯಲ್ಲಿಟ್ಟು ಅಕ್ಕಿ ಡಬ್ಬಿಯ ಹತ್ತಿರ ಇಡುವುದೇ ಸರಿ.

ಸೇರಿದ ದಿನಾಂಕದ ತಕರಾರು ಯಾವಾಗಲೂ ಇದ್ದದ್ದೇ. ಗುತ್ತಿಗೆದಾರನ ಕೈಕೆಳಗೆ ದುಡಿದ ಮೊದಲ ವರ್ಷಗಳನ್ನು ಬಿಟ್ಟು ಬರೆಯುತ್ತಾರೆ. ಅದಕ್ಕೆ ಸಾಕ್ಷಿ ಪಿಎಫ್ ಪಾಸ್‌ಬುಕ್ಕಿನ ಮೊದಲ ಜಮಾ ತಿಂಗಳು ಮತ್ತು ಇಎಸ್‌ಐ ಕಾರ್ಡಿನ ನೋಂದಣಿ ದಿನಾಂಕ. ಒಂದು ವರ್ಷದ ಸೇವೆ ಎನ್ನಲು ಬೇಕಾದ 240 ದಿನ ಆಗಿಲ್ಲ ಎಂದು ಮಾಲೀಕರು ಹೇಳಿದರೆ, ಸಂಬಳ ಸಿಕ್ಕ ವಾರದ ರಜೆ, ಹಬ್ಬದ ರಜೆ ಕೂಡ ಆ ದಿನಗಳಲ್ಲಿ ಸೇರುತ್ತವೆ ಎಂಬುದನ್ನು ನೆನಪಿಸಬೇಕು. ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕ ಹಾಕದಿದ್ದರೆ, ಕೊನೆಯ ಜಮಾ ಆಗಿ ಎರಡು ತಿಂಗಳ ಬಳಿಕ ಸದಸ್ಯರೇ ಹಾಕಿಕೊಳ್ಳಬಹುದು. ಅವಸರದಲ್ಲಿ ತಪ್ಪು ದಿನಾಂಕ ಒತ್ತಿದರೆ ತಿದ್ದುವುದು ತ್ರಾಸದ ಕೆಲಸ. ಸಂಬಳ ಚೀಟಿ ಎದುರಿಗಿಟ್ಟುಕೊಂಡು ಹಾಕಿ.

ಗ್ರಾಚ್ಯುಟಿ 30 ದಿನದೊಳಗೆ ಕೊಡಬೇಕು, ಅರ್ಜಿ ಬರಲಿ ಬಾರದಿರಲಿ. ತಡವಾದರೆ ಶೇ. 10ರ ಸರಳ ಬಡ್ಡಿ. ಹಳೆಯ ಕಾಯ್ದೆಯ ಪ್ರಕರಣಗಳಲ್ಲಿ ಮಾಲೀಕರಿಗೆ ನಮೂನೆ ‘ಐ’ಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಂಡು, ಉತ್ತರ ಬಾರದಿದ್ದರೆ 90 ದಿನದೊಳಗೆ ಗ್ರಾಚ್ಯುಟಿ ತಕರಾರು ತೀರ್ಮಾನಿಸುವ ನಿಯಂತ್ರಣ ಪ್ರಾಧಿಕಾರಕ್ಕೆ ನಮೂನೆ ‘ಎನ್’ ಹಾಕುವುದು. ಬಡ್ಡಿಯನ್ನು ಅರ್ಜಿಯಲ್ಲೇ, ಎಂದಿನಿಂದ ಎಂದು ದಿನಾಂಕ ಹಾಕಿ ಕೇಳಬೇಕು.

ಆದೇಶ ನಿಮ್ಮ ಪರ ಬಂದಮೇಲೂ ಮಾಲೀಕ ಕೊಡದೇ ಇರಬಹುದು. ಆಗ ಪ್ರಾಧಿಕಾರದಿಂದ ವಸೂಲಿ ಪ್ರಮಾಣಪತ್ರ ಜಿಲ್ಲಾಧಿಕಾರಿಗೆ ಹೋಗುತ್ತದೆ, ಭೂಕಂದಾಯದ ಬಾಕಿಯಂತೆ ವಸೂಲಾಗಬೇಕು, ಅಲ್ಲಿಂದ ಕಡತ ತಹಶೀಲ್ದಾರರಿಗೆ ಇಳಿಯುತ್ತದೆ. ಕೈಯಲ್ಲಿ ಕಂಪನಿಯ ಹೆಸರು ಮಾತ್ರ ಇದ್ದರೆ ಕಡತ ‘ಆಸ್ತಿ ವಿವರ ಲಭ್ಯವಿಲ್ಲ’ ಎಂಬ ಷರಾ ಹೊತ್ತು ಹಿಂದಕ್ಕೆ ಬರುವ ದಾರಿ ಹಿಡಿಯುತ್ತದೆ. ಹಾಗಾಗಿ ವಸೂಲಿಗೆ ಅರ್ಜಿ ಕೊಡುವ ದಿನವೇ ಕಾರ್ಖಾನೆ ನಿಂತ ಜಾಗದ ಸರ್ವೆ ನಂಬರಿನ ಪಹಣಿ, ಊರೊಳಗಿದ್ದರೆ ನಗರಸಭೆಯ ಆಸ್ತಿ ನಮೂನೆ, ಗೊತ್ತಿದ್ದರೆ ಅವರ ಬ್ಯಾಂಕ್ ಶಾಖೆಯ ಹೆಸರು, ಮೂರನ್ನೂ ಲಗತ್ತಿಸಿ, ಲಗತ್ತುಗಳ ಪಟ್ಟಿಯ ಮೇಲೂ ಟಪಾಲು ಮುದ್ರೆ ಹಾಕಿಸಿಕೊಳ್ಳಿ.