ಹಳೇ ವಿಮಾನ ಊರಿಗೆ ಬಂದರೆ: ಹೊಸೂರು ಸೀಮೆಯಲ್ಲಿ ಒಂದು ದಿನದ ವಿಮಾನ ಜಾತ್ರೆ ಮಾಡುವುದು ಹೇಗೆ?

ತಮಿಳುನಾಡಿನ ಗಡಿಯೂರು ಹೊಸೂರಿನಿಂದ ತಳಿ ಕಡೆ ಹೊರಟರೆ ಬೆಳಗೊಂಡಪಲ್ಲಿ ಸಿಗುತ್ತದೆ. ರಾಗಿ ಹೊಲ, ಗುಲಾಬಿ ಬೆಳೆಯುವ ಪಾಲಿಹೌಸು, ನಡುವೆ ಉದ್ದನೆಯ ಬೇಲಿ. ಬೇಲಿಯಾಚೆ ಒಂದು ರನ್‌ವೇ ಇದೆ ಅಂತ ದಿನಾ ಬಸ್ಸಿನಲ್ಲಿ ಓಡಾಡುವ ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಣ್ಣ ವಿಮಾನ ತಯಾರಿಕೆಗೆ ಇಳಿದ ದೇಶದ ಮೊದಲ ಖಾಸಗಿ ಕಂಪನಿ 1990ರ ದಶಕದಲ್ಲಿ ಕೆಲಸ ಶುರುಮಾಡಿದ್ದು ಇಲ್ಲಿ. ಇಟಲಿ ಮೂಲದ, ಎರಡು ಎಂಜಿನ್ನಿನ ಪಿ-68ಸಿ ಇಲ್ಲಿ ತಯಾರಾಯಿತು. ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾಲಯ ಎನ್‌ಎಎಲ್ ರೂಪಿಸಿದ ಎರಡು ಸೀಟಿನ ಹಂಸ ಕೂಡ. ಮೂವತ್ತು ವರ್ಷದ ಚರಿತ್ರೆಯೂ ಚರಿತ್ರೆಯೇ ಅಲ್ವಾ?

ಇಂಥ ಜಾಗದಲ್ಲಿ ಹಳೇ ವಿಮಾನಗಳನ್ನು ತಂದು ಜನಕ್ಕೆ ತೋರಿಸಬೇಕು ಅನ್ನುವುದು ನಮ್ಮ ಗಡಿ ಭಾಗದ ಗೆಳೆಯರ ಹಳೇ ಆಸೆ. ಬೇರೆ ಕಡೆ, ಹುಲ್ಲು ಬೆಳೆದ ಒಂದು ಏರ್‌ಸ್ಟ್ರಿಪ್‌ನಲ್ಲಿ ಒಮ್ಮೆ ಸಣ್ಣದಾಗಿ ಮಾಡಿಯೂ ನೋಡಿದೆವು. ಅರ್ಧ ಗೆದ್ದೆವು, ಅರ್ಧ ಬೈಸಿಕೊಂಡೆವು. ಬೈಸಿಕೊಂಡ ಅರ್ಧವೇ ಈ ಲೇಖನದ ಬಂಡವಾಳ.

1. ಹಾರಬೇಕಾ, ನಿಂತರೆ ಸಾಕಾ?

ಏರ್ ಶೋ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ಯಲಹಂಕ. ಜೆಟ್ಟು, ಬಣ್ಣದ ಹೊಗೆ, ಆಕಾಶದಲ್ಲಿ ಪಲ್ಟಿ. ಅದನ್ನು ಮರೆತುಬಿಡಿ. ಮೊದಲ ವರ್ಷ ವಿಮಾನ ನೆಲದ ಮೇಲೇ ಇರಲಿ. ನಾಲ್ಕು ವಿಮಾನ ನಿಲ್ಲಿಸಿ, ಒಂದರ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಿ. ಸಾಕು.

ಹೆದರಿಕೆಯಿಂದ ಹೇಳುತ್ತಿಲ್ಲ, ಲೆಕ್ಕ ಹಾಕಿ ಹೇಳುತ್ತಿದ್ದೇನೆ. ಪ್ರದರ್ಶನಕ್ಕೆ ಹಾರಿಸಬೇಕಾದರೆ ದೇಶದ ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ಅನುಮತಿ ಬೇಕು. ‘ಈ ಹೊತ್ತಿನಲ್ಲಿ ಈ ಜಾಗದ ಮೇಲೆ ಹಾರಾಟ ಇದೆ’ ಅಂತ ಉಳಿದ ಪೈಲಟ್‌ಗಳನ್ನು ಎಚ್ಚರಿಸುವ ನೋಟಾಮ್ ಹೊರಡಬೇಕು. ಬೆಂಗಳೂರಿನ ವಿಮಾನ ಸಂಚಾರ ಹೊಸೂರಿಗೆ ತೀರಾ ಹತ್ತಿರ. ಇನ್ನು ಎತ್ತರದ ಮಾತು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಗಾಳಿ ತೆಳುವಾಗುತ್ತದೆ. ಎಂಜಿನ್ನಿನ ಕಸುವೂ ಹೆಚ್ಚು ಕಡಿಮೆ ಅಷ್ಟೇ ಇಳಿಯುತ್ತದೆ. 90 ಅಥವಾ 130 ಕುದುರೆಶಕ್ತಿಯ ಮುದಿ ಎಂಜಿನ್ನಿಗೆ ಈ ಹತ್ತಿರ ಹತ್ತು ಪರ್ಸೆಂಟ್ ದೊಡ್ಡ ಏಟು. ಬಿಸಿಲು ಏರಿದರೆ ಇನ್ನೂ ಜಾಸ್ತಿ.

ಮತ್ತೆ, ಸ್ಟಾರ್ಟ್ ಮಾಡುವುದನ್ನೇ ನೀವು ಹತ್ತಿರದಿಂದ ನೋಡಿಲ್ಲ. ಟೈಗರ್ ಮಾತ್ ಥರದ, ಒಂದರ ಮೇಲೊಂದು ರೆಕ್ಕೆಯ ಹಳೇ ತರಬೇತಿ ವಿಮಾನಕ್ಕೆ ಬ್ರೇಕಿಲ್ಲ, ಸ್ಟಾರ್ಟರ್ ಇಲ್ಲ. ಚಕ್ರದ ಮುಂದೆ ಮರದ ಕಟ್ಟೆ ಕೊಡುತ್ತಾರೆ. ಒಬ್ಬರು ಬಾಲ ಹಿಡಿದುಕೊಳ್ಳುತ್ತಾರೆ. ಒಳಗೆ ಕೂತವರು ‘ಸ್ವಿಚ್ ಆಫ್’ ಅಂತ ಕೂಗುತ್ತಾರೆ. ಹೊರಗಿನವರು ಪ್ರೊಪೆಲ್ಲರನ್ನು ನಿಧಾನಕ್ಕೆ ನಾಲ್ಕು ಸಲ ತಿರುಗಿಸಿ ಎಂಜಿನ್ನಿಗೆ ಪೆಟ್ರೋಲ್ ಎಳೆಸುತ್ತಾರೆ. ಆಮೇಲೆ ‘ಕಾಂಟ್ಯಾಕ್ಟ್’, ಅಂದರೆ ಸ್ವಿಚ್ ಆನ್. ಒಂದೇ ಬೀಸು, ಬೀಸಿದ ಕೈಯ ಜೊತೆಗೇ ಮೈಯೂ ಹಿಂದಕ್ಕೆ. ಒಮ್ಮೆ ಕೆಮ್ಮುತ್ತದೆ, ನೀಲಿ ಹೊಗೆ ಉಗುಳುತ್ತದೆ, ಸುಮ್ಮನಾಗುತ್ತದೆ. ಜನ ‘ಅಯ್ಯೋ’ ಅನ್ನುತ್ತಾರೆ. ಎರಡನೇ ಬೀಸಿಗೆ ಹೊತ್ತಿಕೊಂಡಿತೋ, ಸುಟ್ಟ ಎಣ್ಣೆಯ ವಾಸನೆ ಕೊನೆಯ ಸಾಲಿನವರೆಗೂ ಹೋಗುತ್ತದೆ. ಇದಕ್ಕಿಂತ ಏನು ಬೇಕು?

2. ವಿಮಾನ ಎಲ್ಲಿಂದ ತರುವುದು?

ಹಾರುವ ಟೈಗರ್ ಮಾತ್ ವಾಯುಪಡೆಯ ವಿಂಟೇಜ್ ತಂಡದಲ್ಲಿದೆ. 2018ರಲ್ಲಿ ಪಡೆಗೆ ಸೇರಿದ ‘ಪರಶುರಾಮ’ ಹೆಸರಿನ ಹಳೇ ಸಾಗಣೆ ವಿಮಾನ ಡಕೋಟಾವೂ ಅಲ್ಲೇ. ಪತ್ರ ಬರೆಯಿರಿ, ಖರ್ಚಿಲ್ಲವಲ್ಲ. ಬರುತ್ತಾರೆ ಅಂತ ಪೋಸ್ಟರ್ ಮಾತ್ರ ಅಚ್ಚು ಹಾಕಿಸಬೇಡಿ.

ನಮ್ಮ ಕೈಗೆ ಎಟುಕುವುದು ಬೇರೆ. ಫ್ಲೈಯಿಂಗ್ ಕ್ಲಬ್ಬುಗಳ ಹ್ಯಾಂಗರ್ ಮೂಲೆಯಲ್ಲಿ ಧೂಳು ಹಿಡಿದ ಪುಷ್ಪಕ್ ವಿಮಾನ ಇದೆಯಾ ಕೇಳಿ. ಎಚ್‌ಎಎಲ್‌ನ ಈ ವಿಮಾನ ಮೊದಲು ಹಾರಿದ್ದು 1958ರಲ್ಲಿ. ಉಕ್ಕಿನ ಕೊಳವೆಯ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ, ಪಕ್ಕಪಕ್ಕ ಎರಡು ಸೀಟು. 1951ರಲ್ಲಿ ಮೊದಲು ಹಾರಿದ, ಎಚ್‌ಎಎಲ್‌ನದೇ ತರಬೇತಿ ವಿಮಾನ ಎಚ್‌ಟಿ-2 ಸಿಕ್ಕರಂತೂ ಪುಣ್ಯ. ಹೊರಡುವ ಮುಂಚೆ ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಮ್ಯೂಸಿಯಂಗೆ ಒಂದು ಭಾನುವಾರ ಹೋಗಿ ಬನ್ನಿ. ಏನನ್ನು ಹುಡುಕುತ್ತಿದ್ದೀರಿ ಅಂತ ಕಣ್ಣಿಗಾದರೂ ಗೊತ್ತಿರುತ್ತದೆ. ರಿಮೋಟ್ ವಿಮಾನ ಮಾಡುವ ಹವ್ಯಾಸಿಗಳನ್ನೂ ಕರೆಯಿರಿ. ಅವರ ಮಾದರಿಗಳು ನೆಲದ ಮೇಲೆ ನಿಂತರೂ ಮಕ್ಕಳು ಕದಲುವುದಿಲ್ಲ.

ವಿಮಾನದಷ್ಟೇ ಮುಖ್ಯ, ಅದರ ಮೇಲೆ ಕೈ ಆಡಿಸಿದವರು. ಎಚ್‌ಎಎಲ್‌ನಲ್ಲಿ ದುಡಿದು ರಿಟೈರ್ ಆದವರು ಹೊಸೂರು, ಅತ್ತಿಬೆಲೆ, ಚಂದಾಪುರದ ಬಡಾವಣೆಗಳಲ್ಲಿ ವಿಚಾರಿಸಿದರೆ ಸಿಗುತ್ತಾರೆ. ರಿವೆಟ್ ಹೊಡೆದವರು, ರೆಕ್ಕೆಗೆ ಬಟ್ಟೆ ಹೊಲಿದು, ಅದನ್ನು ಬಿಗಿ ಮಾಡುವ ಡೋಪ್ ಅನ್ನುವ ಮೆರುಗೆಣ್ಣೆ ಬಳಿದವರು. ಒಬ್ಬೊಬ್ಬರನ್ನು ಒಂದೊಂದು ವಿಮಾನದ ಪಕ್ಕ ಕುರ್ಚಿ ಹಾಕಿ ಕೂರಿಸಿ. ಮೈಕು ಬೇಡ. ಮೈಕು ಕೊಟ್ಟರೆ ಭಾಷಣ ಶುರುವಾಗುತ್ತದೆ.

ಹಾರದ ವಿಮಾನ ಲಾರಿಯಲ್ಲಿ ಬರಬೇಕು. ರೆಕ್ಕೆ ಬಿಚ್ಚುವುದು, ಜೋಡಿಸುವುದು ಲೈಸೆನ್ಸ್ ಇರುವ ಎಂಜಿನಿಯರ್ ಕೆಲಸ, ನಮ್ಮ ಮೆಕ್ಯಾನಿಕ್ ಗೆಳೆಯನದಲ್ಲ. ರಾಜ್ಯದ ಗಡಿ ದಾಟುವುದರಿಂದ ಇ-ವೇ ಬಿಲ್, ಮಾಲೀಕರ ಪತ್ರ, ವಾಪಸ್ ಹೋಗುವ ಸರಕು ಅನ್ನುವ ಚೀಟಿ ಡ್ರೈವರ್ ಕೈಲಿರಲಿ. ಅತ್ತಿಬೆಲೆ ಹತ್ತಿರ ರಾತ್ರಿ ಹನ್ನೊಂದಕ್ಕೆ ‘ಇದೇನು, ವಿಮಾನವಾ?’ ಅಂತ ಕೇಳುವವರಿಗೆ ನಾವು ಫೋನಿನಲ್ಲಿ ವಿವರಿಸಲು ಹೋಗಿ ಸೋತಿದ್ದೇವೆ.

3. ತಾರೀಖು

ನನ್ನ ಆಯ್ಕೆ ಫೆಬ್ರವರಿ ಎರಡನೇ ಅಥವಾ ಮೂರನೇ ವಾರ, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡೂವರೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಮಂಜು ಕರಗುವುದೇ ತಡ. ಮಾರ್ಚ್ ಅಂದರೆ ಪರೀಕ್ಷೆ, ಚಂದ್ರಚೂಡೇಶ್ವರನ ತೇರಿನ ಓಡಾಟ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಗುಡುಗು ಮಳೆ. ಜೂನ್ ಆದಮೇಲೆ ಗಾಳಿ ಬಿಡುವುದಿಲ್ಲ.

ಇನ್ನೊಂದು ಕಾರಣ ಆನೆ. ನಗಬೇಡಿ. ರಾಗಿ ಕೊಯ್ಲಿನ ಕಾಲಕ್ಕೆ ತಳಿ, ಜವಳಗಿರಿ, ಡೆಂಕಣಿಕೋಟೆ ಕಡೆ ಹಿಂಡು ಬರುತ್ತದೆ. ಫೆಬ್ರವರಿ ಹೊತ್ತಿಗೆ ಹೊಲ ಖಾಲಿ. ಆದರೂ ಹಿಂದಿನ ದಿನ ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಿ.

4. ಕಾಗದ ಪತ್ರ

ಗಡಿಯಲ್ಲಿ ನಮ್ಮ ಕಥೆ ಹೀಗೆ: ಮನೆಮಾತು ಕನ್ನಡ, ಅರ್ಜಿ ತಮಿಳಿನಲ್ಲಿ, ವಿಮಾನದ ಕಾಗದ ಇಂಗ್ಲಿಷಿನಲ್ಲಿ. ತಮಿಳು ಚೆನ್ನಾಗಿ ಬರೆಯುವ ಒಬ್ಬರು ತಂಡದಲ್ಲಿ ಇರಲೇಬೇಕು. ರನ್‌ವೇ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿ ಮೊದಲು ಬರಲಿ. ಅದಿಲ್ಲದೆ ಕೃಷ್ಣಗಿರಿ ಕಲೆಕ್ಟರ್ ಕಚೇರಿಗೆ, ಪೊಲೀಸರಿಗೆ, ಅಗ್ನಿಶಾಮಕದವರಿಗೆ, ಪಂಚಾಯಿತಿಗೆ ಕೊಡಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಮೂರು ತಿಂಗಳು ಮುಂಚೆ ಶುರುಮಾಡಿ. ವಿಮಾನಕ್ಕೂ ಜನಕ್ಕೂ ಇನ್ಶೂರೆನ್ಸ್ ಬೇರೆ ಬೇರೆ, ಎರಡೂ ಬೇಕು.

‘ತಲೆಗೆ ಇಷ್ಟು ಅಂತ ತಗೊಂಡು ಒಂದು ರೌಂಡ್ ಕೂರಿಸಿದರೆ ಖರ್ಚು ಹುಟ್ಟುತ್ತೆ’ ಅನ್ನುವ ಸಲಹೆ ಬಂದೇ ಬರುತ್ತದೆ. ದುಡ್ಡು ತೆಗೆದುಕೊಂಡು ಜನರನ್ನು ಹಾರಿಸಲು ಬೇರೆಯದೇ ಪರ್ಮಿಟ್ ಬೇಕು. ಗುಲಾಬಿ ಊರಲ್ಲವೇ, ಆಕಾಶದಿಂದ ಹೂಮಳೆ ಸುರಿಸೋಣ ಅನ್ನುವವರೂ ಇರುತ್ತಾರೆ. ವಿಮಾನದಿಂದ ಏನನ್ನೇ ಕೆಳಗೆ ಹಾಕಲೂ ಅನುಮತಿ ಬೇಕು. ಮದುವೆ ವಿಡಿಯೋದವರ ಡ್ರೋನ್ ಗೇಟಿನಲ್ಲೇ ಇರಲಿ.

5. ನೆಲದ ಕೆಲಸ

ಇಲ್ಲಿ ನಮ್ಮ ಪೆದ್ದುತನ ಹೇಳಲೇಬೇಕು. ನೆರಳು ಚೆನ್ನಾಗಿ ಬೀಳುತ್ತದೆ ಅಂತ ಶಾಮಿಯಾನವನ್ನು ವಿಮಾನದ ಬಾಲದ ಹಿಂದೆ ಹಾಕಿಸಿದ್ದೆವು. ಎಂಜಿನ್ ಸ್ವಲ್ಪ ಜೋರು ಮಾಡಿದ್ದೇ ತಡ, ಮೊದಲು ಫ್ಲೆಕ್ಸ್ ಹಾರಿತು. ಆಮೇಲೆ ಖಾಲಿ ಪ್ಲಾಸ್ಟಿಕ್ ಕುರ್ಚಿಗಳು ಒಂದರ ಹಿಂದೆ ಒಂದು ಉರುಳಿಕೊಂಡು ಹೊರಟವು. ಕೊನೆಗೆ ಒಂದು ಕಡೆಯ ಗೂಟ ಕಿತ್ತು, ಮುಖ್ಯ ಅತಿಥಿಗಳ ತಲೆ ಮೇಲೆ ಬಟ್ಟೆ ಕೂತಿತು. ಯಾರಿಗೂ ಏಟಾಗಲಿಲ್ಲ, ಬಾದಾಮಿ ಹಾಲಿನ ತುಂಬ ಕೆಂಪು ಮಣ್ಣು. ಎಂಜಿನ್ ಓಡುವ ವಿಮಾನದ ಮುಂದೂ ಹಿಂದೂ ಯಾರೂ ಇರಬಾರದು. ಜನ ಒಂದೇ ಪಕ್ಕದಲ್ಲಿ, ಹಗ್ಗದ ಆಚೆ.

ಹಿಂದಿನ ಸಂಜೆ ಎಲ್ಲರೂ ಸಾಲಾಗಿ ನಿಂತು ರನ್‌ವೇ ಉದ್ದಕ್ಕೂ ನಡೆಯಿರಿ. ಕಲ್ಲು, ಬಾಟಲಿ ಮುಚ್ಚಳ, ತಂತಿ ಚೂರು, ಎಲ್ಲ ಗೋಣಿಚೀಲಕ್ಕೆ. ಪ್ರೊಪೆಲ್ಲರ್ ಎತ್ತಿ ಬೀಸುವ ಒಂದು ಜಲ್ಲಿಕಲ್ಲು ಸಾಕು, ಬಟ್ಟೆಯ ರೆಕ್ಕೆ ಹರಿಯಲು. ಬೆಳಿಗ್ಗೆ ಇನ್ನೊಮ್ಮೆ ನಡೆಯಿರಿ. ನಿಂತ ವಿಮಾನವನ್ನು ಎರಡು ರೆಕ್ಕೆ, ಒಂದು ಬಾಲ, ಹೀಗೆ ಮೂರು ಕಡೆ ಗೂಟಕ್ಕೆ ಕಟ್ಟಿ. ಟೈಗರ್ ಮಾತ್‌ನ ಖಾಲಿ ತೂಕ ಬರೀ ಐನೂರು ಕಿಲೋ, ರೆಕ್ಕೆಯ ಹರವು 29 ಅಡಿ. ಸುಳಿಗಾಳಿಗೆ ಅದು ಗಾಳಿಪಟವೇ.

ಪ್ರೊಪೆಲ್ಲರ್ ಮುಟ್ಟಿ ಸೆಲ್ಫಿ ತೆಗೆಯಲು ಯಾರಿಗೂ ಬಿಡಬೇಡಿ. ಹಳೇ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋಗೆ ಬ್ಯಾಟರಿ ಬೇಡ, ತಿರುಗಿದರೆ ತಾನೇ ಕಿಡಿ ಹುಟ್ಟಿಸುತ್ತದೆ. ಸ್ವಿಚ್ ಆಫ್ ಅಂದರೆ ಆ ಕಿಡಿಯನ್ನು ಒಂದು ತಂತಿಯ ಮೂಲಕ ಎಂಜಿನ್ನಿನ ಮೈಗೆ ಇಳಿಸುವುದು, ಅಷ್ಟೇ. ತಂತಿ ತುಂಡಾಗಿದ್ದರೆ ಸ್ವಿಚ್ ಆಫ್ ಇದ್ದರೂ ಎಂಜಿನ್ ಹೊತ್ತಿಕೊಳ್ಳಬಹುದು.

ಇಂಧನ ಎವಿಗ್ಯಾಸ್ 100ಎಲ್‌ಎಲ್, ಅಂದರೆ ವಿಮಾನದ ಪೆಟ್ರೋಲ್. ನೀಲಿ ಬಣ್ಣ ಇರುತ್ತದೆ. ಬಂಕಿನ ಪೆಟ್ರೋಲ್ ಹಾಕಿ ನೋಡೋಣ ಅನ್ನಬೇಡಿ. ಅದರಲ್ಲಿನ ಎಥೆನಾಲ್ ಹಳೇ ರಬ್ಬರ್ ಸೀಲುಗಳನ್ನು ತಿನ್ನುತ್ತದೆ. ಜೆಟ್ ಇಂಧನವಂತೂ ಈ ಎಂಜಿನ್ನುಗಳ ಹತ್ತಿರವೂ ಬರಬಾರದು.

6. ಪೂಜೆ

ನಮ್ಮಲ್ಲಿ ಹೊಸ ಸೈಕಲ್ಲಿಗೂ ಪೂಜೆ ಆಗಬೇಕು, ವಿಮಾನವನ್ನು ಬಿಡುತ್ತಾರಾ? ಬೇಡ ಅಂದರೆ ಜನ ಬೇಜಾರಾಗುತ್ತಾರೆ. ಜಾಗ ಬದಲಿಸಿ. ತೆಂಗಿನಕಾಯಿ ಗೇಟಿನ ಹತ್ತಿರ ಒಡೆಯಲಿ, ಚಿಪ್ಪಿನ ಚೂರು ರನ್‌ವೇಗೆ ಬರಬಾರದು. ಕರ್ಪೂರ ಇಂಧನದಿಂದ ದೂರ. ಹಾರ ಪ್ರೊಪೆಲ್ಲರಿಗೆ ಬೇಡ, ಒಳಗಿನ ತಂತಿ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ಕುಂಕುಮ ರೆಕ್ಕೆಯ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಚಕ್ರದ ಲೋಹದ ಮುಚ್ಚಳಕ್ಕೆ ಇಡಿ. ಚಕ್ರದ ಕೆಳಗೆ ನಿಂಬೆಹಣ್ಣು? ಇಡಿ, ಆಮೇಲೆ ಎತ್ತಿಬಿಡಿ.

7. ಬೇಲಿಯ ಹೊರಗೆ

ಅನಾಹುತ ಆಗುವುದು ಹೆಚ್ಚಾಗಿ ವಿಮಾನದ ಹತ್ತಿರ ಅಂದುಕೊಳ್ಳುತ್ತೇವೆ. 2019ರ ಫೆಬ್ರವರಿ 23ರಂದು ಯಲಹಂಕದ ಏರೋ ಇಂಡಿಯಾದಲ್ಲಿ ಬೆಂಕಿ ಬಿದ್ದದ್ದು ಪಾರ್ಕಿಂಗಿಗೆ. ಒಣಹುಲ್ಲಿನ ಮೈದಾನದಲ್ಲಿ ಸುಮಾರು 300 ಕಾರು ಸುಟ್ಟವು. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾದಲ್ಲಿ ವಾಯುಪಡೆಯ ಪ್ರದರ್ಶನ ನೋಡಲು ಹೋದವರಲ್ಲಿ ಐದು ಜನ ಸತ್ತರು. ಬಿಸಿಲು, ನೂಕುನುಗ್ಗಲು. 2015ರಲ್ಲಿ ಇಂಗ್ಲೆಂಡಿನ ಶೋರಂ ಅನ್ನುವ ಊರಿನ ಏರ್ ಶೋನಲ್ಲಿ ಹಳೇ ಹಂಟರ್ ಜೆಟ್ ಬಿದ್ದಾಗ ಸತ್ತ ಹನ್ನೊಂದು ಜನರೂ ಮೈದಾನದ ಆಚೆಯ ರಸ್ತೆಯಲ್ಲಿದ್ದವರು.

ಆದ್ದರಿಂದ ಪಾರ್ಕಿಂಗ್ ಹೊಲದ ಹುಲ್ಲನ್ನು ವಾರ ಮುಂಚೆ ಬೋಳಿಸಿ, ಕೊಯ್ದದ್ದನ್ನು ಹೊರಗೆ ಸಾಗಿಸಿ. ಎಕರೆಗೆ ನೂರು ಕಾರು, ಅದಕ್ಕಿಂತ ಜಾಸ್ತಿ ತುರುಕಬೇಡಿ. ಎರಡು ಸಾಲಿಗೊಂದು ದಾರಿ, ಪಕ್ಕದಲ್ಲಿ ನೀರು ತುಂಬಿದ ಟ್ಯಾಂಕರ್. ತಲೆಗೆ ಎರಡು ಲೀಟರ್ ಕುಡಿಯುವ ನೀರು ಲೆಕ್ಕ ಹಾಕಿ, ಜೊತೆಗೆ ಮಜ್ಜಿಗೆ. ನೆರಳು ಮೊದಲು ಮುದುಕರಿಗೆ ಮತ್ತು ಶಾಲೆಯ ಮಕ್ಕಳಿಗೆ, ಆಮೇಲೆ ಗಣ್ಯರಿಗೆ. ಆಂಬುಲೆನ್ಸ್ ದಾರಿಯಲ್ಲಿ ಒಂದು ಬೈಕೂ ನಿಲ್ಲಬಾರದು. ಆ ಗೇಟಿನ ಬೀಗದ ಕೈ ಯಾರ ಜೇಬಿನಲ್ಲಿದೆ ಅಂತ ಕನಿಷ್ಠ ಮೂವರಿಗೆ ಗೊತ್ತಿರಲಿ. ಮುಂದೊಂದು ವರ್ಷ ಹಾರಿಸಿದರೆ, ರನ್‌ವೇ ತುದಿಯ ರಸ್ತೆಗೂ ಪೊಲೀಸರು ಬೇಕು.

ಅಕ್ಕಪಕ್ಕದ ಹೊಲದವರ ಮನೆಗೆ ಮುಂಚೆಯೇ ಹೋಗಿ. ನಮಗೆ ಒಬ್ಬ ಹಿರಿಯರು ಕೇಳಿದ್ದು ಇಷ್ಟೇ: ‘ಏನಪ್ಪಾ, ಜನ ಬಂದು ನನ್ನ ಟೊಮೆಟೊ ಪಾತಿ ತುಳಿದ್ರೆ ನಿಮ್ ವಿಮಾನ ಬಂದು ನೆಟ್ಟು ಕೊಡುತ್ತಾ?’ ಅವರ ಬದುವಿಗೆ ಹಗ್ಗ ಕಟ್ಟಿಸಿದೆವು. ಮಾರನೇ ದಿನ ಅಲ್ಲಿ ಕಾವಲು ನಿಂತವರು ಅವರೇ, ಕೈಯಲ್ಲಿ ಕೋಲು ಹಿಡಿದು.

8. ಆ ದಿನ

‘ನಿಲ್ಲಿಸಿ’ ಅನ್ನುವ ಅಧಿಕಾರ ಒಬ್ಬರಿಗೇ ಇರಲಿ. ಅವರು ಅನುಭವಿ ಪೈಲಟ್ ಅಥವಾ ಎಂಜಿನಿಯರ್ ಆಗಿರಲಿ. ಮಂತ್ರಿ ತಡವಾಗಿ ಬಂದರು ಅಂತ ಎಂಜಿನನ್ನು ಉರಿಬಿಸಿಲಿಗೆ ಮುಂದೂಡಬೇಡಿ. ಅನೌನ್ಸ್‌ಮೆಂಟ್ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಆಗಲಿ. ಹಾರುವ ವಿಮಾನ ಇದ್ದರೆ ಹಿಂದಿನ ರಾತ್ರಿ ‘ಪಾರ್ಟಿ’ ಬೇಡ. ಪೈಲಟ್ ಹಾರುವ ಹನ್ನೆರಡು ಗಂಟೆ ಮುಂಚಿನಿಂದ ಮದ್ಯ ಮುಟ್ಟುವಂತಿಲ್ಲ.

ಹನ್ನೆರಡೂವರೆಗೆ ಜನ ಹೊರಟ ಮೇಲೆ ನಿಮ್ಮ ಕೆಲಸ ಮತ್ತೆ ಶುರು. ಕಸ ಹೆಕ್ಕಿ. ಟ್ಯಾಂಕಿನ ಇಂಧನವನ್ನು ಎಂಜಿನಿಯರ್ ಇಳಿಸಲಿ. ರೆಕ್ಕೆಗಳನ್ನು ಬಿಚ್ಚಿ ಹಳೇ ರಗ್ಗು, ಕಂಬಳಿ ಸುತ್ತಿ ಲಾರಿಯಲ್ಲಿ ನಿಲ್ಲಿಸಿ ಕಟ್ಟಿಸಿ, ಮಲಗಿಸಬೇಡಿ. ಬಿಚ್ಚಿದ ಬೋಲ್ಟುಗಳು ಒಂದೊಂದು ರೆಕ್ಕೆಗೆ ಒಂದೊಂದು ಬಟ್ಟೆಚೀಲದಲ್ಲಿ, ಹೆಸರು ಬರೆದು. ನಮ್ಮದರಲ್ಲಿ ಒಂದು ಚೀಲ ಮಜ್ಜಿಗೆ ಕ್ಯಾನಿನ ಜೊತೆ ಅಡುಗೆಯವರ ಆಟೋದಲ್ಲಿ ಹೋಗಿಬಿಟ್ಟಿತ್ತು. ರಾತ್ರಿ ಎರಡಕ್ಕೆ ಅವರನ್ನು ಎಬ್ಬಿಸಿ ತಂದೆವು, ಲಾರಿ ಅಷ್ಟು ಹೊತ್ತೂ ರಸ್ತೆ ಬದಿಯಲ್ಲಿ ಕಾದಿತ್ತು.