ಅದೇ ಹಳೇ ಲೆನ್ಸಲ್ಲಿ ಹಕ್ಕಿ ಫೋಟೋ ಶಾರ್ಪ್ ಬಂದಿದ್ದು ಹೇಗೆ – ನನ್ನ ಅನುಭವ

ಹಕ್ಕಿ ಫೋಟೋ ಶಾರ್ಪ್ ಬರ್ತಿಲ್ಲ ಅಂದ ತಕ್ಷಣ ಎಲ್ರೂ ಹೇಳೋದು ಒಂದೇ, ಲೆನ್ಸ್ ಬದಲಾಯಿಸು. ನಾನಂತೂ ಬದಲಾಯಿಸ್ಲಿಲ್ಲ (ದುಡ್ಡೂ ಇರ್ಲಿಲ್ಲ ಬಿಡಿ), ಇವತ್ತಿಗೂ ಅದೇ 70-300 ಎಂಎಂ ಝೂಮ್ ಲೆನ್ಸು, ಅದೇ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ. ನಾನು ಮಾಡಿದ್ದು ಇಷ್ಟೇ, ಮಸುಕಾಗಿರೋ ಫೋಟೋಗಳನ್ನ ಡಿಲೀಟ್ ಮಾಡೋ ಮುಂಚೆ ಕಂಪ್ಯೂಟರಲ್ಲಿ ನೂರು ಪರ್ಸೆಂಟ್ ಝೂಮ್ ಮಾಡಿ, ಇದು ಯಾವ ಥರದ ಮಸುಕು ಅಂತ ನೋಡೋಕೆ ಶುರು ಮಾಡ್ದೆ.

ಮಸುಕಲ್ಲೂ ಜಾತಿ ಇದೆ ಕಣ್ರೀ. ಹಕ್ಕಿ, ಕೊಂಬೆ, ಎಲೆ ಎಲ್ಲಾ ಒಂದೇ ದಿಕ್ಕಿಗೆ ಎಳೆದಂಗೆ ಇದ್ರೆ ಅಲ್ಲಾಡಿರೋದು ನಮ್ಮ ಕೈ. ಕೊಂಬೆ ನೀಟಾಗಿದ್ದು ಹಕ್ಕಿ ತಲೆ ಮಾತ್ರ ಕದಡಿದ್ರೆ ಹಕ್ಕಿ ಅಲ್ಲಾಡಿದೆ, ಶಟರ್ ಸ್ಪೀಡ್ (ಕ್ಯಾಮೆರಾ ಬಾಗಿಲು ತೆರೆದು ಮುಚ್ಚೋ ವೇಗ) ಸಾಲ್ದು. ಹಿಂದಿನ ಜೊಂಡು ಹುಲ್ಲು ಒಂದೊಂದು ಎಸಳೂ ಎಣಿಸೋ ಹಂಗಿದ್ದು ಹಕ್ಕಿ ಮಂಕಾಗಿದ್ರೆ ಫೋಕಸ್ ಹೋಗಿ ಹುಲ್ಲಲ್ಲಿ ಕೂತಿದೆ. ಇನ್ನು ಎಲ್ಲೂ ಏನೂ ಶಾರ್ಪ್ ಇಲ್ಲ, ಪೂರ್ತಿ ಕಲಸಿದಂಗಿದೆ ಅಂದ್ರೆ ಹೆಚ್ಚಿನ ಸಲ ಅದು ದೂರ, ಮಧ್ಯದ ಗಾಳಿ. ಒಂದೊಂದಕ್ಕೂ ಔಷಧಿ ಬೇರೆ.

ನನ್ನ ಫೋಟೋಗಳಲ್ಲಿ ಮುಕ್ಕಾಲು ಪಾಲು ಶಟರ್ ಸ್ಪೀಡ್ ಕೇಸೇ. 300 ಎಂಎಂ ಲೆನ್ಸು ಕ್ರಾಪ್ ಕ್ಯಾಮೆರಾದಲ್ಲಿ 450ರ ಥರ ಕೆಲಸ ಮಾಡುತ್ತೆ, ಹಂಗಾಗಿ ಕೈಯಲ್ಲಿ ಹಿಡಿದು ಹೊಡೆಯೋಕೆ 1/500 ಸೆಕೆಂಡ್ ಆದ್ರೂ ಬೇಕು, ಅದೂ ಕೂತಿರೋ ಹಕ್ಕಿಗೆ. ಲೆನ್ಸಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ ಅಂತೀರಾ, ಅದು ನಮ್ಮ ಕೈ ನಡುಕ ತಡೆಯುತ್ತೆ ಅಷ್ಟೇ, ಹಕ್ಕಿ ಕತ್ತು ಕೊಂಕಿಸೋದನ್ನ ತಡೆಯಲ್ಲ. ಈಗ ನಾನು ಕ್ಯಾಮೆರಾನ ಮ್ಯಾನ್ಯುವಲ್‌ನಲ್ಲಿಟ್ಟು ಕೂತಿರೋದಕ್ಕೆ 1/1000, ಹಾರೋದಕ್ಕೆ 1/2000 ಅಥವಾ ಅದಕ್ಕಿಂತ ಜಾಸ್ತಿ ಫಿಕ್ಸ್ ಮಾಡಿ, ಐಎಸ್‌ಓ (ಬೆಳಕು ಹಿಡಿಯೋ ಸೂಕ್ಷ್ಮತೆ) ಮಾತ್ರ ಆಟೋಗೆ ಬಿಟ್ಟುಬಿಡ್ತೀನಿ. 1600, 3200ಕ್ಕೆ ಹೋದ್ರೂ ಹೋಗ್ಲಿ, ಚುಕ್ಕಿ ಚುಕ್ಕಿ ಬಂದ್ರೆ ಆಮೇಲೆ ಸಾಫ್ಟ್‌ವೇರಲ್ಲಿ ಕಮ್ಮಿ ಮಾಡ್ಬಹುದು, ಅಲ್ಲಾಡಿದ್ದನ್ನ ಪೂರ್ತಿ ಸರಿ ಮಾಡೋಕೆ ಆಗಲ್ಲ.

ಪ್ರಾಕ್ಟೀಸಿಗೆ ಕುಕ್ಕರಹಳ್ಳಿ ಕೆರೆಗಿಂತ ಒಳ್ಳೆ ಜಾಗ ಮೈಸೂರಲ್ಲಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಅಲ್ಲಿ ನೀರುಕಾಗೆ, ಹಾವಕ್ಕಿ ರೆಕ್ಕೆ ಒಣಗಿಸ್ಕೊಂಡು ಸುಮ್ನೆ ಕೂತಿರ್ತವೆ, ವಾಕಿಂಗ್ ಜನ ಓಡಾಡಿ ಓಡಾಡಿ ಅವಕ್ಕೂ ಮನುಷ್ಯರ ಭಯ ಅಷ್ಟಿಲ್ಲ. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ, ಎಡಗೈ ಲೆನ್ಸ್ ಕೆಳಗಿಟ್ಟು, ನಾಕೈದು ಫ್ರೇಮ್ ಒಟ್ಟಿಗೆ ಬರ್ಸ್ಟ್ ಹೊಡೀರಿ. ಮೊದಲನೇದು ಬಟನ್ ಒತ್ತಿದ ಏಟಿಗೆ ಅಲ್ಲಾಡಿರುತ್ತೆ, ಮಧ್ಯದ್ದು ಒಂದಾದ್ರೂ ಚೆನ್ನಾಗಿ ಸಿಗುತ್ತೆ.

ಫೋಕಸ್ ವಿಷ್ಯ ಹೇಳ್ಬೇಕು ಅಂದ್ರೆ, ಕೆನಾನ್ ಡಿಎಸ್‌ಎಲ್‌ಆರ್‌ನಲ್ಲಿ ಎಐ ಸರ್ವೋ, ನಿಕಾನ್ ಸೋನಿಯಲ್ಲಿ ಎಎಫ್-ಸಿ, ಅಂದ್ರೆ ಹಕ್ಕಿ ಅಲ್ಲಾಡಿದ್ರೂ ಫೋಕಸ್ ಹಿಂಬಾಲಿಸೋ ಮೋಡ್, ಇದನ್ನ ಆನ್ ಮಾಡಿ ಒಂದೇ ಫೋಕಸ್ ಪಾಯಿಂಟ್ ಇಟ್ಕೊಂಡು ಅದನ್ನ ಕಣ್ಣಿನ ಮೇಲೆ ಕೂರಿಸ್ಬೇಕು. ಹೊಸ ಮಿರರ್‌ಲೆಸ್‌ಗಳು ಹಕ್ಕಿ ಕಣ್ಣನ್ನ ತಾವೇ ಹುಡುಕ್ತವೆ, ನಮ್ಮ ಹಳೇದಕ್ಕೆ ಆ ಭಾಗ್ಯ ಇಲ್ಲ. 300 ಎಂಎಂನಲ್ಲಿ, ಎಫ್ 5.6ರಲ್ಲಿ (ಲೆನ್ಸ್ ಬಾಯಿ ಎಷ್ಟು ತೆರೆದಿದೆ ಅನ್ನೋ ಅಂಕಿ, ಅಂಕಿ ದೊಡ್ಡದಾದಷ್ಟೂ ಬಾಯಿ ಚಿಕ್ಕದು), ಐದು ಮೀಟರ್ ದೂರದ ಹಕ್ಕಿಗೆ ಶಾರ್ಪಾಗಿ ಸಿಗೋ ಜಾಗ ಹೆಚ್ಚು ಕಮ್ಮಿ ಆರು ಸೆಂಟಿಮೀಟರ್ ಅಷ್ಟೇ. ಚಮಚದ ಕೊಕ್ಕಿನ ಹಕ್ಕಿ ನಮ್ಮ ಕಡೆ ತಿರುಗಿದಾಗ ಫೋಕಸ್ ಕೊಕ್ಕಿನ ತುದಿಗೆ ಬಿತ್ತು ಅಂದ್ರೆ ಕಣ್ಣು ಹೋಯ್ತು ಅಂತಾನೇ ಲೆಕ್ಕ. ಬೆಳಕಿದ್ರೆ ಎಫ್ 8ಕ್ಕೆ ಇಳಿಸಿ, ಕಮ್ಮಿ ಬೆಲೆಯ 70-300ಗಳು 300ರ ತುದಿಯಲ್ಲಿ ಸ್ವಲ್ಪ ಮಂಕು, ಎಫ್ 8ರಲ್ಲಿ ಕಣ್ಣಿಗೆ ಕಾಣೋ ಅಷ್ಟು ಸುಧಾರಿಸ್ತವೆ. ಲೆನ್ಸ್ ಮುಂದೆ ಅಗ್ಗದ ಯುವಿ ಫಿಲ್ಟರ್ ಇದ್ರೆ ಬಿಚ್ಚಿ ಮನೇಲಿಡಿ.

ಬೆಳ್ಳಕ್ಕಿದು ಇನ್ನೊಂದು ಕಥೆ. ಫೋಕಸ್ ಸರಿ ಇದೆ, ಸ್ಪೀಡ್ ಸರಿ ಇದೆ, ಆದ್ರೂ ಗರಿ ಕಾಣ್ತಿಲ್ಲ, ಬರೀ ಬಿಳಿ ಮುದ್ದೆ. ಅದು ಮಸುಕಲ್ಲ, ಓವರ್ ಎಕ್ಸ್‌ಪೋಸ್. ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಫೋಟೋದ ಬೆಳಕು ಹೆಚ್ಚು ಕಮ್ಮಿ ಮಾಡೋ ಸೆಟ್ಟಿಂಗ್) ಮೈನಸ್ 0.7 ಇಲ್ಲಾ ಮೈನಸ್ 1 ಮಾಡಿದ್ರೆ ಗರಿ ಎಳೆ ಎಳೆಯಾಗಿ ಬರುತ್ತೆ. ಕೊಕ್ಕರೆಬೆಳ್ಳೂರಲ್ಲಿ ಇದರ ಉಲ್ಟಾ, ಹುಣಸೇಮರದ ಮೇಲೆ ಹೆಜ್ಜಾರ್ಲೆ, ಹಿಂದೆ ಬೆಳ್ಳಗಿನ ಆಕಾಶ, ಅಲ್ಲಿ ಪ್ಲಸ್ 1 ಕೊಡದಿದ್ರೆ ಹಕ್ಕಿ ಕಪ್ಪಗೆ ಬರುತ್ತೆ.

ದೂರದ ಪಾಠ ಕಲ್ಸಿದ್ದು ನಂಜನಗೂಡು ತಾಲ್ಲೂಕಿನ ಹದಿನಾರು ಅನ್ನೋ ಊರಿನ ಕೆರೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ನೋಡೋಕೆ ದೊಡ್ಡ ದೊಡ್ಡ ಲೆನ್ಸ್ ಹಿಡ್ಕೊಂಡು ಜನ ಬರ್ತಾರೆ, ಬಿಸಿಲೇರಿದ ಮೇಲೆ ಅವರಿಗೂ ಸಿಗೋದು ಕಲಸಿದ ಫೋಟೋನೇ, ಬೇಸಿಗೆಯಲ್ಲಿ ಟಾರ್ ರೋಡ್ ಮೇಲೆ ಗಾಳಿ ಕುಣಿಯುತ್ತಲ್ಲ ಹಂಗೆ ಬಯಲಲ್ಲೂ ಕುಣೀತಿರುತ್ತೆ, ಅದಕ್ಕೆ ಯಾವ ಲೆನ್ಸೂ ಏನೂ ಮಾಡಕ್ಕಾಗಲ್ಲ. ಬೆಳಗ್ಗೆ ಬೇಗ ಹೋಗಿ, ಇಲ್ಲಾ ಹತ್ರದ ಹಕ್ಕಿ ಹುಡುಕಿ.

ಹತ್ರ ಅಂದ್ರೆ ರಂಗನತಿಟ್ಟು. 1940ರಲ್ಲಿ ಸಲೀಂ ಅಲಿ ಅವರು ಮಹಾರಾಜರಿಗೆ ಹೇಳಿ ಪಕ್ಷಿಧಾಮ ಮಾಡ್ಸಿದ ಪುಣ್ಯ, ಅಲ್ಲಿನ ಹಕ್ಕಿಗಳಿಗೆ ದೋಣಿ ಅಂದ್ರೆ ಕ್ಯಾರೇ ಇಲ್ಲ, ಬಣ್ಣದ ಕೊಕ್ಕರೆ, ಬಂಡೆ ಮೇಲಿನ ರೀವ (ರಿವರ್ ಟರ್ನ್) ಎಲ್ಲಾ 300 ಎಂಎಂಗೆ ಆರಾಮಾಗಿ ಫ್ರೇಮ್ ತುಂಬುತ್ತೆ. ಆದ್ರೆ ದೋಣಿ ಅಂಚಿಗೆ ಕೈ, ಲೆನ್ಸ್ ಊರಬೇಡಿ, ಹುಟ್ಟು ಹಾಕೋ ಪ್ರತಿ ಏಟಿನ ಅದುರು ನೇರ ಕ್ಯಾಮೆರಾಗೆ ಬರುತ್ತೆ. ಟ್ರೈಪಾಡೂ ಅಲ್ಲಿ ವೇಸ್ಟು. ನಿಮ್ಮ ಸೊಂಟನೇ ಸ್ಪ್ರಿಂಗ್ ಆಗ್ಲಿ ಬಿಡಿ, ಸ್ಪೀಡ್ 1/1600ಕ್ಕೆ ಏರಿಸಿ. ಮಳೆಗಾಲದಲ್ಲಿ ಮಾತ್ರ ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ರೆ ದೋಣಿ ನಿಲ್ಲಿಸ್ತಾರೆ, ಹೊರಡೋ ಮುಂಚೆ ವಿಚಾರಿಸ್ಕೊಳ್ಳಿ.